ನೀರನ್ನೇ ಹೇರಿಕೊಂಡು ಓಡುವ ದೋಣಿ

ದೋಣಿಯೊಳಗೆ ನೀರು ನುಗ್ಗಿತೆಂದರೆ ಅಂಬಿಗನ ಎದೆ ನಡುಗುತ್ತದೆ. ತುಂಗಭದ್ರೆಯಲ್ಲಿ ಹರಿಗೋಲು ಹಾಕುವವನಾಗಲಿ, ಕಡಲಿಗಿಳಿಯುವ ಮೊಗವೀರನಾಗಲಿ, ಬುಡದಲ್ಲಿ ನಾಲ್ಕು ಬೊಗಸೆ ನೀರು ಕಂಡೊಡನೆ ಕೈಗೆ ಸಿಕ್ಕಿದ ಪಾತ್ರೆಯಿಂದ ಮೊಗೆದು ಹೊರಚೆಲ್ಲುತ್ತಾನೆ. ನೀರು ಕೆಳಗಿರಬೇಕು, ದೋಣಿ ಅದರ ಮೇಲಿರಬೇಕು. ಜಲಪ್ರಯಾಣದ ಮೊದಲನೆಯ ಪಾಠವೇ ಇದು.

ಆದರೆ ಅಮೆರಿಕೆಯ ಸಂಯುಕ್ತ ಸಂಸ್ಥಾನಗಳ ಸರೋವರಗಳಲ್ಲಿ ಓಡಾಡುವ ಒಂದು ಬಗೆಯ ವಿಹಾರದೋಣಿ ಈ ಪಾಠವನ್ನು ತಲೆಕೆಳಗು ಮಾಡಿದೆ. ಅದರ ಒಡೆಯನು ದಡವನ್ನು ಬಿಟ್ಟ ಕೂಡಲೆ ಗುಂಡಿಯೊಂದನ್ನು ಒತ್ತಿ, ಸರೋವರದ ನೀರನ್ನು ತಾನಾಗಿಯೇ ದೋಣಿಯೊಳಕ್ಕೆ ಸೆಳೆದುಕೊಳ್ಳುತ್ತಾನೆ. ಒಂದು ಬಕೆಟ್ಟು, ಎರಡು ಬಕೆಟ್ಟು ನೀರಲ್ಲ. ಸಾವಿರ, ಎರಡು ಸಾವಿರ ಲೀಟರುಗಳಷ್ಟು. ದೋಣಿ ಹಿಂಭಾಗವನ್ನು ತಗ್ಗಿಸಿಕೊಂಡು ತುಂಬು ಬಸುರಿಯಂತೆ ನಿಧಾನವಾಗಿ ಸಾಗುತ್ತದೆ. ಅದರ ಬೆನ್ನ ಹಿಂದೆ ಎದೆಯೆತ್ತರದ ಅಲೆಯೊಂದು ಎದ್ದು ನಿಲ್ಲುತ್ತದೆ. ಆ ಅಲೆಯ ಮೇಲೆ ಒಬ್ಬ ತರುಣನೋ ತರುಣಿಯೋ, ಕೈಯಲ್ಲಿ ಹಗ್ಗವೂ ಇಲ್ಲದೆ, ಪುಟ್ಟ ಹಲಗೆಯ ಮೇಲೆ ನಿಂತು ಜಾರುತ್ತ ಬರುವುದನ್ನು ಕಂಡವರಿಗೆ ಇದೇನು ಇಂದ್ರಜಾಲವೋ ಎನಿಸದಿರದು.

ಇದಕ್ಕೆ ವೇಕ್‌ಸರ್ಫ್ ಎಂದು ಹೆಸರು. ದೋಣಿ ಹಿಂದೆ ಬಿಟ್ಟು ಹೋಗುವ ತೆರೆಯ ಮೇಲೆ ಸವಾರಿ ಮಾಡುವ ಆಟವಿದು. ಕಡಲಿನಿಂದ ನೂರಾರು ಮೈಲಿ ದೂರದಲ್ಲಿರುವ ಒಳನಾಡಿನ ಜನರಿಗೆ ಕಡಲ ಅಲೆಯ ಸುಖವನ್ನು ತಂದುಕೊಟ್ಟ ಈ ಆಟದ ಹಿಂದೆ ಗಣಿತವಿದೆ, ಯಂತ್ರವಿದೆ, ಗಣಕದ ಬುದ್ಧಿಯಿದೆ. ಜೊತೆಗೆ, ಸರೋವರಗಳ ಅಳಿವು ಉಳಿವಿನ ಪ್ರಶ್ನೆಯೊಂದೂ ಇದೆ.

ಹಗ್ಗ ಹಿಡಿದವನು, ಹಗ್ಗ ಬಿಟ್ಟವನು

ದೋಣಿಯ ಹಿಂದೆ ನೀರಿನ ಮೇಲೆ ಜಾರುವ ಕನಸನ್ನು ಮೊದಲು ನನಸು ಮಾಡಿದವನು ಮಿನೆಸೋಟಾ ಸಂಸ್ಥಾನದ ಲೇಕ್ ಸಿಟಿಯ ತರುಣ ರಾಲ್ಫ್ ಸ್ಯಾಮ್ಯುಯೆಲ್ಸನ್. 1922ರ ಜುಲೈ 2ರಂದು, ಮಿಸಿಸಿಪಿ ನದಿಯು ಅಗಲವಾಗಿ ಹರಡಿ ನಿಂತಿರುವ ಪೆಪಿನ್ ಸರೋವರದಲ್ಲಿ, ಪೈನ್ ಮರದ ಎರಡು ಹಲಗೆಗಳನ್ನು ಕಾಲಿಗೆ ಕಟ್ಟಿಕೊಂಡು ಅವನು ನೀರಿನ ಮೇಲೆ ನಿಂತ. ಹಲಗೆಗಳ ತುದಿಯನ್ನು ಬಿಸಿನೀರಿನಲ್ಲಿ ಬೇಯಿಸಿ ಬಾಗಿಸಿದ್ದ. ದೋಣಿಯನ್ನು ನಡೆಸಿದವನು ಅವನ ಅಣ್ಣ ಬೆನ್. ಅಂದು ಹುಟ್ಟಿದ್ದು ನೀರ ಸ್ಕೀಯಿಂಗ್ ಕ್ರೀಡೆ.

ಸ್ಕೀ ಸವಾರನಿಗೆ ಅಲೆಯೆಂದರೆ ಶತ್ರು. ನೀರು ಕನ್ನಡಿಯಂತಿರಬೇಕು, ದೋಣಿ ಹಗುರವಾಗಿರಬೇಕು, ವೇಗವಾಗಿ ಓಡಬೇಕು. ಆದ್ದರಿಂದ ಹಲವು ದಶಕಗಳ ಕಾಲ ದೋಣಿ ಕಟ್ಟುವವರು ಹಿಂದೆ ಏಳುವ ತೆರೆಯನ್ನು ಆದಷ್ಟೂ ತಗ್ಗಿಸಲು ಹೆಣಗಿದರು. ಮುಂದಿನ ತಲೆಮಾರಿನವರಿಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ. ಒಂದೇ ಹಲಗೆಯ ಮೇಲೆ ನಿಂತು ತೆರೆಯಿಂದ ತೆರೆಗೆ ನೆಗೆಯಬೇಕೆಂದವರಿಗೆ ದೊಡ್ಡ ತೆರೆ ಬೇಕಾಯಿತು. ಕೊನೆಗೆ ಹಗ್ಗವನ್ನೇ ಬಿಟ್ಟು ಅಲೆಯ ಮೇಲೆಯೇ ಉಳಿಯಬೇಕೆಂದವರಿಗೆ ಇನ್ನೂ ದೊಡ್ಡ, ಇನ್ನೂ ನುಣುಪಾದ ಅಲೆ ಬೇಕಾಯಿತು. ಸವಾರನು ಹಗ್ಗ ಹಿಡಿದು ಏಳುತ್ತಾನೆ. ಅಲೆಯ ಇಳಿಜಾರಿನಲ್ಲಿ ನೆಲೆ ಸಿಕ್ಕಿದೊಡನೆ ಹಗ್ಗವನ್ನು ದೋಣಿಯೊಳಕ್ಕೆ ಎಸೆದುಬಿಡುತ್ತಾನೆ. ಅಲ್ಲಿಂದ ಮುಂದೆ ಅವನನ್ನು ಎಳೆಯುವುದು ಭೂಮಿಯ ಆಕರ್ಷಣೆಯೇ. ಅವನು ಸದಾ ಇಳಿಜಾರಿನಲ್ಲಿ ಕೆಳಕ್ಕೆ ಜಾರುತ್ತಿರುತ್ತಾನೆ. ಇಳಿಜಾರು ದೋಣಿಯೊಡನೆ ಮುಂದಕ್ಕೆ ಚಲಿಸುತ್ತಿರುತ್ತದೆ.

ದೋಣಿಯ ಇಷ್ಟು ಹತ್ತಿರದಲ್ಲಿ ಆಡುವ ಆಟವಾದುದರಿಂದ ದೋಣಿಯ ಹಿಂತುದಿಯಲ್ಲಿ ತಿರುಗುವ ಪ್ರೊಪೆಲರ್ ಇರುವಂತಿಲ್ಲ. ಬಿದ್ದವನನ್ನು ಅದು ಕೊಚ್ಚಿಹಾಕೀತು. ಈ ಆಟದ ದೋಣಿಗಳಲ್ಲಿ ಪ್ರೊಪೆಲರ್ ಒಡಲಿನ ಅಡಿಯಲ್ಲಿ, ಹಿಂತುದಿಗಿಂತ ಮುಂದಕ್ಕೆ ಅಡಗಿರುತ್ತದೆ.

ಅಲೆಯ ಲೆಕ್ಕಾಚಾರ

ಭಾರ ಹೆಚ್ಚಿದರೆ ಅಲೆ ಏಕೆ ದೊಡ್ಡದಾಗುತ್ತದೆ? ಆರ್ಕಿಮಿಡೀಸನ ಕಾಲದಿಂದ ತಿಳಿದ ಸಂಗತಿಯಿದು. ತೇಲುವ ವಸ್ತು ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಎರಡು ಸಾವಿರ ಕಿಲೋಗ್ರಾಂ ಹೆಚ್ಚು ತೂಗುವ ದೋಣಿ ಎರಡು ಸಾವಿರ ಲೀಟರು ನೀರನ್ನು ಹೆಚ್ಚಾಗಿ ಸರಿಸಲೇಬೇಕು. ದೋಣಿ ಮುಂದಕ್ಕೆ ಹೋದಾಗ ಅದು ಬಿಟ್ಟ ಹಳ್ಳವನ್ನು ತುಂಬಲು ಎರಡೂ ಕಡೆಯ ನೀರು ಧಾವಿಸಿ ಬಂದು ಮೇಲೇಳುತ್ತದೆ. ಹಳ್ಳ ಆಳವಾದಷ್ಟೂ ಅಲೆ ಎತ್ತರ.

ಅಲೆಯ ಉದ್ದವನ್ನು ಮಾತ್ರ ನಿರ್ಧರಿಸುವುದು ವೇಗ. ಆಳವಾದ ನೀರಿನಲ್ಲಿ ಉದ್ದವಾದ ಅಲೆ ಬೇಗನೆ ಸಾಗುತ್ತದೆ, ಗಿಡ್ಡನೆಯ ಅಲೆ ನಿಧಾನವಾಗಿ ಸಾಗುತ್ತದೆ. ದೋಣಿಯ ಬೆನ್ನು ಹಿಡಿದು ಬರುವ ಅಲೆ ದೋಣಿಯ ವೇಗದಲ್ಲಿಯೇ ಬರಬೇಕಾದುದರಿಂದ, ಗಂಟೆಗೆ 16 ಕಿಲೋಮೀಟರ್ ವೇಗದಲ್ಲಿ ಅಲೆಯ ಉದ್ದ ಸುಮಾರು 12ರಿಂದ 13 ಮೀಟರ್ ಆಗುತ್ತದೆ. 19 ಕಿಲೋಮೀಟರಿಗೆ ಏರಿದರೆ ಸುಮಾರು 18 ಮೀಟರ್ ಆಗುತ್ತದೆ. ಗಂಟೆಗೆ ಮೂರೇ ಕಿಲೋಮೀಟರುಗಳ ಅಂತರ ಅಲೆಯ ಸ್ವರೂಪವನ್ನೇ ಬದಲಾಯಿಸಿಬಿಡುತ್ತದೆ. ವೇಕ್‌ಸರ್ಫ್ ಆಟ ನಡೆಯುವುದು ಬಹುಮಟ್ಟಿಗೆ ಈ ಎರಡು ವೇಗಗಳ ನಡುವೆಯೇ. ಆದ್ದರಿಂದಲೇ ಈ ದೋಣಿಗಳಲ್ಲಿ ವೇಗವನ್ನು ಚಾಲಕನ ಕೈಗೆ ಬಿಡದೆ, ಉಪಗ್ರಹಗಳ ಸಂಕೇತದಿಂದ ವೇಗವನ್ನಳೆದು ಎಂಜಿನ್ನನ್ನು ಹತೋಟಿಯಲ್ಲಿಡುವ ಗಣಕಕ್ಕೆ ಒಪ್ಪಿಸಿದ್ದಾರೆ.

ಚೀಲದಿಂದ ತೊಟ್ಟಿಗೆ

ಸರಕಿಲ್ಲದ ಹಾಯಿಹಡಗುಗಳು ಹಿಂದಿನ ಕಾಲದಲ್ಲಿ ಕಲ್ಲು ಮರಳುಗಳನ್ನು ಹೇರಿಕೊಂಡು ಸಮುದ್ರಕ್ಕೆ ಇಳಿಯುತ್ತಿದ್ದವು. ಹಡಗನ್ನು ನೆಟ್ಟಗೆ ನಿಲ್ಲಿಸುವ ಈ ಭಾರವೇ ಬ್ಯಾಲಸ್ಟ್, ಎಂದರೆ ನಿಲುಭಾರ. ಉಗಿಹಡಗುಗಳ ಯುಗದಲ್ಲಿ ಕಲ್ಲಿನ ಸ್ಥಾನಕ್ಕೆ ನೀರು ಬಂದಿತು. ಪಂಪಿನಿಂದ ತುಂಬಬಹುದು, ಬೇಡವಾದಾಗ ಚೆಲ್ಲಬಹುದು, ಕೂಲಿಯವರ ಹಂಗಿಲ್ಲ.

ವಿಹಾರದೋಣಿಯೂ ಇದೇ ಹಾದಿಯನ್ನು ತುಳಿಯಿತು. ಮೊದಮೊದಲು ಅಲೆ ಬೇಕೆಂದವರು ಗೆಳೆಯರನ್ನೆಲ್ಲ ಕರೆದು ದೋಣಿಯ ಹಿಂಭಾಗದಲ್ಲಿ ಕೂರಿಸುತ್ತಿದ್ದರು. ಗೆಳೆಯರು ಸಾಲದಾದಾಗ ಮರಳಿನ ಮೂಟೆ, ನೀರಿನ ಪೀಪಾಯಿ, ಸೀಸದ ಗುಂಡುಗಳ ಚೀಲ ಬಂದವು. ಬಳಿಕ ಬಂದದ್ದು ಮೆತ್ತನೆಯ ದೊಡ್ಡ ನೀರುಚೀಲ. 340 ಕಿಲೋಗ್ರಾಂ, 500 ಕಿಲೋಗ್ರಾಂ ನೀರು ಹಿಡಿಯುವ ಈ ಚೀಲಗಳನ್ನು ಆಸನಗಳ ಅಡಿಯಲ್ಲಿ ಮಡಿಸಿಡಬಹುದು. ಆಟದ ಜನಪ್ರಿಯತೆ ಬೆಳೆದಂತೆ ದೋಣಿ ತಯಾರಕರೇ ಒಡಲಿನಲ್ಲಿ ಗಟ್ಟಿ ತೊಟ್ಟಿಗಳನ್ನು ಕೂರಿಸತೊಡಗಿದರು.

ಆಗ ಅಲೆಯನ್ನು ಒಂದು ಕಡೆಗೆ ನುಣುಪಾಗಿಸಲು ದೋಣಿಯನ್ನೇ ಒಂದು ಪಕ್ಕಕ್ಕೆ ವಾಲಿಸಬೇಕಾಗಿತ್ತು. ಬಲಗಾಲು ಮುಂದಿಡುವ ಸವಾರನಿಗೆ ಒಂದು ಕಡೆಯ ಅಲೆ ಹಿತ, ಎಡಗಾಲು ಮುಂದಿಡುವವನಿಗೆ ಇನ್ನೊಂದು ಕಡೆಯದು. ಸವಾರ ಬದಲಾದಾಗಲೆಲ್ಲ ನೂರಾರು ಲೀಟರು ನೀರನ್ನು ಈ ಕಡೆಯಿಂದ ಆ ಕಡೆಗೆ ಸಾಗಿಸುವವರೆಗೆ ಎಲ್ಲರೂ ಸುಮ್ಮನೆ ಕುಳಿತಿರಬೇಕು. ಟೆನ್ನೆಸಿಯಲ್ಲಿರುವ ಮಾಲಿಬೂ ಕಂಪನಿ 2012ರಲ್ಲಿ ‘ಸರ್ಫ್ ಗೇಟ್’ ಎಂಬ ಸಾಧನವನ್ನು ಹೊರತಂದು ಈ ಕಾಯುವಿಕೆಗೆ ಕೊನೆ ಹಾಡಿತು. ದೋಣಿಯ ಹಿಂತುದಿಯ ಎರಡು ಪಕ್ಕಗಳಲ್ಲಿ ಬಾಗಿಲಿನಂಥ ಎರಡು ಫಲಕಗಳಿರುತ್ತವೆ. ಒಂದು ಪಕ್ಕದ ಫಲಕ ಹೊರಚಾಚಿದರೆ ಆ ಕಡೆಯ ನೀರು ಹಳ್ಳಕ್ಕೆ ನುಗ್ಗುವುದು ಕೊಂಚ ತಡವಾಗುತ್ತದೆ. ಎರಡು ಕಡೆಯ ನೀರು ಒಮ್ಮೆಲೆ ಡಿಕ್ಕಿ ಹೊಡೆದು ನೊರೆಯಾಗುವುದು ತಪ್ಪಿ, ಇನ್ನೊಂದು ಪಕ್ಕದಲ್ಲಿ ಉದ್ದವಾದ, ಶುಭ್ರವಾದ ಅಲೆ ರೂಪುಗೊಳ್ಳುತ್ತದೆ. ದೋಣಿ ನೆಟ್ಟಗೆಯೇ ಇರುತ್ತದೆ. ಕೆಲವೇ ಕ್ಷಣಗಳಲ್ಲಿ ಅಲೆಯನ್ನು ಎಡಕ್ಕೂ ಬಲಕ್ಕೂ ಬದಲಾಯಿಸಬಹುದು.

ಮನೆಯಂಗಳದ ಯಂತ್ರಶಾಲೆ

ಹೊಸ ದೋಣಿಯ ಬೆಲೆ ಸಾಮಾನ್ಯನ ಕೈಗೆಟುಕುವಂಥದಲ್ಲ. ಹಳೆಯ ದೋಣಿಯುಳ್ಳವರು ಸುಮ್ಮನೆ ಕೂರುವವರೂ ಅಲ್ಲ. ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟಿದಾಗ, ಮೋಟಾರು ಕೊಟ್ಟಿಗೆಯೊಳಗೆ ದೋಣಿಯ ಆಸನಗಳನ್ನು ಬಿಚ್ಚಿಟ್ಟು, ಸಣ್ಣ ತೊಟ್ಟಿಯ ಬದಲಿಗೆ ದೊಡ್ಡ ಚೀಲವನ್ನೂ ನಿಧಾನದ ಪಂಪಿನ ಬದಲಿಗೆ ಬಿರುಸಿನ ಪಂಪನ್ನೂ ಅಳವಡಿಸುವುದು ಅಲ್ಲಿ ಅನೇಕರಿಗೆ ವ್ರತದಂತೆ ನಡೆದುಬಂದಿದೆ.

ಪಂಪುಗಳಲ್ಲಿ ಎರಡು ಜಾತಿ. ಮೊದಲನೆಯದು ರಬ್ಬರಿನ ಎಲೆಗಳುಳ್ಳ ಚಕ್ರದ ಪಂಪು. ಇದು ಬಾವಿಯ ಮೇಲೆ ಕುಳಿತೂ ನೀರನ್ನು ಸೆಳೆಯಬಲ್ಲದು. ಹಿಂದುಮುಂದಾಗಿ ತಿರುಗಿ, ತುಂಬುವ ಕೆಲಸವನ್ನೂ ಬರಿದುಮಾಡುವ ಕೆಲಸವನ್ನೂ ತಾನೊಂದೇ ಮಾಡಬಲ್ಲದು. ಆದರೆ ನೀರಿಲ್ಲದೆ ಒಣಗಿ ಓಡಿದರೆ ರಬ್ಬರು ಕಾದು ಹರಿದುಹೋಗುತ್ತದೆ. ಎರಡನೆಯದು ಕೇಂದ್ರಾಪಗಾಮಿ ಪಂಪು. ಇದು ಅಗ್ಗ, ಬಾಳಿಕೆಯದು. ಆದರೆ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಮಾತ್ರ ಕೆಲಸ ಮಾಡುತ್ತದೆ. ಕೊಳವೆಯಲ್ಲಿ ಗಾಳಿ ಸಿಕ್ಕಿಕೊಂಡರೆ ಬರಿದೇ ಗುಂಯ್‌ಗುಡುತ್ತ ತಿರುಗುತ್ತದೆ, ಹನಿ ನೀರೂ ಬಾರದು. ಒಂದು ದಿಕ್ಕಿಗೆ ಮಾತ್ರ ನೂಕುವುದರಿಂದ ತುಂಬಲು ಒಂದು, ಬರಿದುಮಾಡಲು ಇನ್ನೊಂದು ಬೇಕು.

ಪಂಪು ದೊಡ್ಡದಾದರೆ ವಿದ್ಯುತ್ತು ಹೆಚ್ಚು ಬೇಕು. ಹಳೆಯ ತೆಳು ತಂತಿಯಲ್ಲಿ ಹೊಸ ಪಂಪಿನ ವಿದ್ಯುತ್ತು ಹರಿದರೆ ತಂತಿ ಕಾಯುತ್ತದೆ. ಪೆಟ್ರೋಲು ತುಂಬಿದ ದೋಣಿಯಲ್ಲಿ ಕಾದ ತಂತಿಯೆಂದರೇನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದ ತಿಳಿದವರು ಮೊದಲು ತಂತಿಯನ್ನೂ ಫ್ಯೂಸನ್ನೂ ಬದಲಾಯಿಸಿ, ಅನಂತರ ಪಂಪಿಗೆ ಕೈ ಹಾಕುತ್ತಾರೆ. ಒಡಲಿಗೆ ರಂಧ್ರ ಕೊರೆದು ನೀರು ಸೆಳೆಯುವಲ್ಲಿ ಮುಚ್ಚಬಲ್ಲ ವಾಲ್ವು ಇರಲೇಬೇಕು. ನೀರಮಟ್ಟಕ್ಕಿಂತ ಕೆಳಗಿರುವ ಒಂದು ಕೊಳವೆ ಕಳಚಿದರೆ, ಚೀಲಕ್ಕೆ ಹೋಗಬೇಕಾದ ಸರೋವರವು ದೋಣಿಯ ತಳಕ್ಕೆ ಹರಿಯುತ್ತದೆ.

ಗಣಕಕ್ಕೆ ಕಣ್ಣಿಲ್ಲ

ಹಳೆಯ ದೋಣಿಗಳಲ್ಲಿ ಒಂದೊಂದು ಪಂಪಿಗೂ ಒಂದೊಂದು ಸ್ವಿಚ್ಚು ಇರುತ್ತಿತ್ತು. ಇಂದಿನ ದೋಣಿಯಲ್ಲಿ ಚಾಲಕನ ಮುಂದಿರುವುದು ಗಾಜಿನ ಪರದೆ. ಅದರ ಮೇಲೆ ಸವಾರನ ಹೆಸರನ್ನು ಮುಟ್ಟಿದರೆ ಸಾಕು. ಎಷ್ಟು ನೀರು, ಎಷ್ಟು ವೇಗ, ಯಾವ ಫಲಕ ಎಂಬುದನ್ನೆಲ್ಲ ಗಣಕವೇ ನೆನಪಿನಿಂದ ತೆಗೆದು ನಡೆಸುತ್ತದೆ. ಜರ್ಮನಿಯ ಬಾಷ್ ಸಂಸ್ಥೆ ಮೋಟಾರುಗಾಡಿಗಳಿಗಾಗಿ 1986ರಲ್ಲಿ ಪ್ರಕಟಿಸಿದ ‘ಕ್ಯಾನ್’ ಎಂಬ ಸಂದೇಶ ಪದ್ಧತಿಯಿಂದಾಗಿ, ಎಂಜಿನ್ನು ಮುಂತಾದ ಭಾಗಗಳು ಒಂದೇ ಜೋಡಿ ತಂತಿಯ ಮೇಲೆ ಮಾತನಾಡಿಕೊಳ್ಳಬಲ್ಲವು.

ಆದರೆ ಈ ಗಣಕದ ಜಾಣತನಕ್ಕೊಂದು ಮಿತಿಯಿದೆ. ಎಷ್ಟೋ ದೋಣಿಗಳಲ್ಲಿ ತೊಟ್ಟಿಯೊಳಗಿನ ನೀರನ್ನು ಅದು ನೋಡುವುದೇ ಇಲ್ಲ; ಗಡಿಯಾರವನ್ನು ಮಾತ್ರ ನೋಡುತ್ತದೆ. ನಿಮಿಷಕ್ಕೆ 75 ಲೀಟರು ತುಂಬುವ ಪಂಪು, 340 ಲೀಟರಿನ ತೊಟ್ಟಿ. ನಾಲ್ಕೂವರೆ ನಿಮಿಷ ಓಡಿದರೆ ತುಂಬಿತೆಂದು ಅದರ ನಂಬಿಕೆ. ಒಡೆಯನು ಆ ತೊಟ್ಟಿಯ ಜಾಗದಲ್ಲಿ 500 ಲೀಟರಿನ ಚೀಲವನ್ನಿಟ್ಟರೆ ಗಣಕಕ್ಕೆ ಅದರ ಸುಳಿವೂ ಇಲ್ಲ. ನಾಲ್ಕೂವರೆ ನಿಮಿಷಕ್ಕೆ ಪಂಪನ್ನು ನಿಲ್ಲಿಸಿ ‘ನೂರಕ್ಕೆ ನೂರು’ ಎಂದು ಪರದೆಯ ಮೇಲೆ ಬರೆಯುತ್ತದೆ. ಚೀಲ ತುಂಬಿರುವುದು ಮೂರರಲ್ಲಿ ಎರಡು ಪಾಲು. ಒಡೆಯನು ಸ್ವಿಚ್ಚನ್ನು ಮತ್ತೆ ಒತ್ತಿ ಚೀಲವನ್ನು ತುಂಬಿಸಿಕೊಂಡನೆನ್ನಿ. ಸಂಜೆ ನೀರನ್ನು ಹೊರಹಾಕುವಾಗಲೂ ಗಣಕ ಅದೇ ನಾಲ್ಕೂವರೆ ನಿಮಿಷ ಓಡಿಸಿ ‘ಬರಿದಾಯಿತು’ ಎನ್ನುತ್ತದೆ. ಆದರೆ 160 ಲೀಟರು ನೀರು ಒಳಗೇ ಉಳಿದಿರುತ್ತದೆ.

ಈ ಕಾರಣದಿಂದಲೇ ಚೀಲ ಬದಲಾಯಿಸಿದವನು ತಂತ್ರಾಂಶವನ್ನೂ ತಿದ್ದಬೇಕಾಗುತ್ತದೆ. ಕೆಲವು ದೋಣಿಗಳಲ್ಲಿ ತುಂಬುವ ಕಾಲವನ್ನು ಹೊಸದಾಗಿ ಗೊತ್ತುಪಡಿಸಬಹುದು. ಕೆಲವರು ಹರಿವಿನ ಮಾಪಕವನ್ನು ಕೂರಿಸಿ ಲೀಟರುಗಳನ್ನೇ ಎಣಿಸುತ್ತಾರೆ. ಯಂತ್ರವಿದ್ಯೆ ಬಲ್ಲವರು ಸಣ್ಣ ಗಣಕವನ್ನು ತಾವೇ ಜೋಡಿಸಿ, ಪಂಪು ಎಳೆಯುವ ವಿದ್ಯುತ್ತನ್ನು ಅಳೆಯುವುದುಂಟು. ನೀರಿದ್ದಾಗ ಪಂಪು ಹೆಚ್ಚು ವಿದ್ಯುತ್ತನ್ನು ಎಳೆಯುತ್ತದೆ, ಒಣಗಿದಾಗ ಕಡಿಮೆ ಎಳೆಯುತ್ತದೆ. ಅಲ್ಲಿಗೆ ನಿಲ್ಲಿಸಿದರೆ ಚೀಲವೂ ಬರಿದು, ರಬ್ಬರೂ ಸುರಕ್ಷಿತ. ತಂತ್ರಾಂಶವನ್ನು ಹೊಸದಾಗಿ ತುಂಬುವ ನಡುವೆ ಬ್ಯಾಟರಿ ಕೈಕೊಟ್ಟರೆ ಪರದೆಯೇ ಕುರುಡಾಗುವ ಭಯವುಂಟು. ಅದಕ್ಕೇ ವಿವೇಕಿಗಳು, ಪರದೆ ಎಷ್ಟೇ ಚೆಲುವಾಗಿದ್ದರೂ, ಪಂಪುಗಳಿಗೆ ಕೈಯಿಂದ ಒತ್ತುವ ಹಳೆಯ ಸ್ವಿಚ್ಚುಗಳನ್ನು ಉಳಿಸಿಕೊಳ್ಳುತ್ತಾರೆ.

ಅರೆ ತುಂಬಿದ ಕೊಡ

ತುಂಬಿದ ಕೊಡ ತುಳುಕುವುದಿಲ್ಲವೆಂಬ ಗಾದೆ ನೌಕಾಶಾಸ್ತ್ರದಲ್ಲಿ ಅಕ್ಷರಶಃ ಸತ್ಯ. ತುಂಬಿದ ತೊಟ್ಟಿಯ ನೀರು ಕಲ್ಲಿನಂತೆ ಅಲುಗದೆ ಕೂರುತ್ತದೆ. ಅರೆ ತುಂಬಿದ ತೊಟ್ಟಿಯ ನೀರು, ದೋಣಿ ಎಡಕ್ಕೆ ವಾಲಿದರೆ ತಾನೂ ಎಡಕ್ಕೆ ಓಡಿ, ವಾಲುವಿಕೆಯನ್ನು ಇಮ್ಮಡಿಸುತ್ತದೆ. ದೊಡ್ಡ ಹಡಗುಗಳೇ ಇದರಿಂದ ಮಗುಚಿಕೊಂಡ ಉದಾಹರಣೆಗಳಿವೆ. ತೊಟ್ಟಿಯೊಳಗೆ ಅಡ್ಡಗೋಡೆಗಳನ್ನಿಡುವುದು ಈ ಓಟವನ್ನು ತಡೆಯುವುದಕ್ಕಾಗಿ.

ಇನ್ನು ದೋಣಿಗೆ ತಾಳುವ ಭಾರಕ್ಕೂ ಎಲ್ಲೆಯುಂಟು. ಹೊಸದಾಗಿ ಸೇರಿಸಿದ 500 ಕಿಲೋಗ್ರಾಂ ನೀರೆಂದರೆ ಏಳು ಮಂದಿ ವಯಸ್ಕರ ತೂಕ. ಆ ಏಳು ಮಂದಿ ಕಣ್ಣಿಗೆ ಕಾಣುವುದಿಲ್ಲ, ಆಸನವನ್ನು ಆಕ್ರಮಿಸುವುದಿಲ್ಲ; ಆದ್ದರಿಂದ ಅವರನ್ನು ಮರೆಯುವುದು ಸುಲಭ. ಅಮೆರಿಕೆಯ ಕೇಂದ್ರ ಶಾಸನವು 20 ಅಡಿಗಿಂತ ಚಿಕ್ಕ ದೋಣಿಗಳಿಗೆ ಮಾತ್ರ ಭಾರದ ಮಿತಿಯನ್ನು ಸಾರುವ ಫಲಕವನ್ನು ಕಡ್ಡಾಯ ಮಾಡಿದೆ. ಈ ಆಟದ ದೋಣಿಗಳು ಹೆಚ್ಚಾಗಿ ಅದಕ್ಕಿಂತ ಉದ್ದವಾಗಿರುತ್ತವೆ. ಮುಂಭಾಗದಲ್ಲಿಯೂ ನೀರು ತುಂಬಿ, ಮಕ್ಕಳನ್ನೂ ಅಲ್ಲೇ ಕೂರಿಸಿ, ಬಿದ್ದ ಸವಾರನನ್ನು ಕರೆತರಲು ಗಕ್ಕನೆ ತಿರುಗಿದಾಗ ದೋಣಿ ತನ್ನದೇ ಅಲೆಯೊಳಕ್ಕೆ ಮೂತಿಯನ್ನು ಊರಬಹುದು. ಕ್ಷಣಾರ್ಧದಲ್ಲಿ ನೂರಾರು ಲೀಟರು ನೀರು ಒಳನುಗ್ಗುತ್ತದೆ. ಅಂಥ ಹೊತ್ತಿನಲ್ಲಿ ಚೀಲದ ನೀರಿಗಿಂತ ಸೀಸ ಹೆಚ್ಚು ಅಪಾಯಕಾರಿ. ಮುಳುಗಿದ ನೀರುಚೀಲಕ್ಕೆ ನೀರಿನಲ್ಲಿ ತೂಕವಿಲ್ಲ. ನೀರಿಗಿಂತ ಹನ್ನೊಂದು ಪಟ್ಟು ಭಾರವಾದ ಸೀಸ ದೋಣಿಯನ್ನು ತಳಕ್ಕೆ ಎಳೆದೊಯ್ಯುತ್ತದೆ.

ಕಾಣದ ಪ್ರಯಾಣಿಕರು

ಗಣಕದ ಲೆಕ್ಕ ತಪ್ಪಿ ಚೀಲದಲ್ಲಿ ಉಳಿದ 160 ಲೀಟರು ನೀರು ದೋಣಿಗೆ ಭಾರವಷ್ಟೇ. ಸರೋವರಕ್ಕಾದರೋ ಅದು ವಿಷಬೀಜ.

ಕಪ್ಪುಸಮುದ್ರ ಮತ್ತು ಕ್ಯಾಸ್ಪಿಯನ್ ಸಮುದ್ರಗಳ ಸೀಮೆಯ ‘ಜೀಬ್ರಾ ಮಸೆಲ್’ ಎಂಬ ಪಟ್ಟೆಯುಳ್ಳ ಪುಟ್ಟ ಚಿಪ್ಪುಜೀವಿ 1988ರಲ್ಲಿ ಅಮೆರಿಕ ಮತ್ತು ಕೆನಡಗಳ ಗಡಿಯ ಸೇಂಟ್ ಕ್ಲೇರ್ ಸರೋವರದಲ್ಲಿ ಕಾಣಿಸಿಕೊಂಡಿತು. ಅದನ್ನು ತಂದದ್ದು ಸರಕುಹಡಗುಗಳ ನಿಲುಭಾರದ ನೀರು. ಒಂದು ಹೆಣ್ಣು ವರ್ಷಕ್ಕೆ ಲಕ್ಷಗಟ್ಟಲೆ ಮೊಟ್ಟೆಗಳನ್ನಿಡುತ್ತದೆ. ಮರಿಗಳು ಬರಿಗಣ್ಣಿಗೆ ಕಾಣದಷ್ಟು ಸೂಕ್ಷ್ಮ. ಬೆಳೆದವು ಕಲ್ಲು, ಕೊಳವೆ, ಬೇರೆ ಚಿಪ್ಪುಜೀವಿಗಳ ಬೆನ್ನು ಎಲ್ಲಕ್ಕೂ ಕಚ್ಚಿಕೊಂಡು ಗುಡ್ಡೆಯಾಗುತ್ತವೆ. 1989ರಲ್ಲಿ ಮಿಷಿಗನ್ ಸಂಸ್ಥಾನದ ಮನ್ರೋ ಪಟ್ಟಣದಲ್ಲಿ ನೀರು ಸೆಳೆಯುವ ಕೊಳವೆ ಕಟ್ಟಿಕೊಂಡು ಊರಿನ ನೀರು ಸರಬರಾಜೇ ನಿಂತಿತು. 2010ರಲ್ಲಿ ಅವು ಮಿನೆಸೋಟಾದ ಪ್ರಸಿದ್ಧ ಮಿನೆಟೋಂಕಾ ಸರೋವರವನ್ನೂ ಹೊಕ್ಕವು. ಅವುಗಳ ದಾಯಾದಿಯಾದ ಕ್ವಾಗಾ ಮಸೆಲ್ 2007ರಲ್ಲಿ ದೂರದ ಪಶ್ಚಿಮದ ಮೀಡ್ ಸರೋವರದಲ್ಲಿ ಪತ್ತೆಯಾಯಿತು. ಸರೋವರದಿಂದ ಸರೋವರಕ್ಕೆ ನೆಲದ ಮೇಲೆ ಇವು ನಡೆದು ಹೋಗಲಾರವು. ಗಾಡಿಯ ಮೇಲೆ ಹೇರಿದ ದೋಣಿಗಳೇ ಇವಕ್ಕೆ ವಾಹನ.

ಹಡಗಿನ ನಿಲುಭಾರದಲ್ಲಿ ಸಾಗರ ದಾಟಿ ಬಂದ ಜೀವಿಗೆ ವಿಹಾರದೋಣಿಯ ನಿಲುಭಾರ ಎರಡನೆಯ ಹಡಗಾಯಿತು. ಹಡಗುಗಳ ವಿಷಯದಲ್ಲಿ ರಾಷ್ಟ್ರಗಳು 2004ರಲ್ಲಿ ಒಪ್ಪಂದವೊಂದನ್ನು ಮಾಡಿಕೊಂಡವು. ಅದು 2017ರ ಸೆಪ್ಟೆಂಬರ್ 8ರಂದು ಜಾರಿಗೆ ಬಂದಿತು. ವಿಹಾರದೋಣಿಗಳ ಚೀಲ, ತೊಟ್ಟಿಗಳ ಒಳಕ್ಕೆ ಕೈ ಹಾಕಿ ಒರೆಸುವುದು ಅಸಾಧ್ಯ. ಆದ್ದರಿಂದ ಅಲ್ಲಿನ ತಪಾಸಣಾ ಕಟ್ಟೆಗಳಲ್ಲಿ ಸುಮಾರು 49 ಡಿಗ್ರಿ ಸೆಂಟಿಗ್ರೇಡ್ ಕಾವಿನ ಬಿಸಿನೀರನ್ನು ತೊಟ್ಟಿಗಳೊಳಗೆ ಹಾಯಿಸುತ್ತಾರೆ. ಅದಕ್ಕಿಂತ ಹೆಚ್ಚು ಬಿಸಿಯಾದರೆ ಪಂಪಿನ ಭಾಗಗಳು ಕೆಡುವ ಭಯ.

ದಡದವರ ದೂರು

ಇದಲ್ಲದೆ, ಅಲೆ ದಡಕ್ಕೂ ಮುಟ್ಟುತ್ತದೆ. ಶಾಂತವಾದ ಸರೋವರದ ದಂಡೆ ಕಡಲ ದಂಡೆಯಲ್ಲ. ಭಾರಿ ಅಲೆಗಳ ಪೆಟ್ಟು ತಿಂದು ಅದಕ್ಕೆ ಅಭ್ಯಾಸವಿಲ್ಲ. ಮಣ್ಣು ಕುಸಿಯುತ್ತದೆ, ಕಟ್ಟಿದ ದೋಣಿಗಳು ಕಟ್ಟೆಗೆ ಬಡಿಯುತ್ತವೆ, ಪಕ್ಷಿಗಳ ಗೂಡು ತೋಯುತ್ತದೆ ಎಂದು ದಡದ ನಿವಾಸಿಗಳು ದೂರತೊಡಗಿದರು. ಆಟಗಾರರು ಇದನ್ನೊಪ್ಪಲಿಲ್ಲ. ಮಿನೆಸೋಟಾ ವಿಶ್ವವಿದ್ಯಾನಿಲಯದ ಸೇಂಟ್ ಆಂಥೊನಿ ಫಾಲ್ಸ್ ಪ್ರಯೋಗಶಾಲೆಯ ವಿಜ್ಞಾನಿಗಳು ಅಲೆಗಳನ್ನು ಸರೋವರದಲ್ಲಿಯೇ ಅಳೆದು 2022ರಲ್ಲಿ ವರದಿಯನ್ನು ಪ್ರಕಟಿಸಿದರು. ಸಾಮಾನ್ಯ ದೋಣಿಯ ಅಲೆ 200 ಅಡಿ ದೂರದಲ್ಲಿ ಎಷ್ಟು ತಗ್ಗುವುದೋ ಅಷ್ಟಕ್ಕೆ ತಗ್ಗಲು ವೇಕ್‌ಸರ್ಫ್ ದೋಣಿಯ ಅಲೆಗೆ 500 ಅಡಿಗೂ ಮಿಕ್ಕಿದ ದೂರ ಬೇಕೆಂದು ಅವರು ಕಂಡುಕೊಂಡರು.

ವರ್ಮಾಂಟ್ ಸಂಸ್ಥಾನವು 2024ರಲ್ಲಿ ಕಟ್ಟುನಿಟ್ಟಾದ ನಿಯಮಗಳನ್ನು ತಂದಿತು. ದಡದಿಂದ 500 ಅಡಿ ಆಚೆ, 20 ಅಡಿಗಿಂತ ಕಡಿಮೆಯಿಲ್ಲದ ಆಳದಲ್ಲಿ, 50 ಎಕರೆಯಷ್ಟಾದರೂ ಒಟ್ಟಾಗಿ ದೊರೆಯುವ ನೀರಿನಲ್ಲಿ ಮಾತ್ರ ಈ ಆಟವನ್ನಾಡಬೇಕು. ದೋಣಿಯ ಒಡೆಯನು ವರ್ಷಕ್ಕೊಂದು ಸರೋವರವನ್ನು ತನ್ನ ದೋಣಿಯ ‘ಮನೆ’ಯೆಂದು ಘೋಷಿಸಬೇಕು, ಬೇರೆ ನೀರಿಗೆ ಹೋಗಿ ಬಂದರೆ ಶುದ್ಧಿ ಮಾಡಿಸಿಕೊಂಡೇ ಮರಳಿ ಇಳಿಯಬೇಕು. ಸಣ್ಣ ಸರೋವರಗಳ ಪಾಲಿಗೆ ಇದು ಈ ಆಟದ ನಿಷೇಧವೇ ಸರಿ.

ಒಂದು ಬಿರಡೆ

ಆಟಗಾರರು ದುಷ್ಟರಲ್ಲ. ವಾರವೆಲ್ಲ ದುಡಿದು, ಭಾನುವಾರ ಮಕ್ಕಳೊಡನೆ ನೀರಿಗಿಳಿಯುವ ಸಂಸಾರಿಗಳು ಅವರಲ್ಲಿ ಬಹು ಮಂದಿ. ಮೊದಲ ಬಾರಿಗೆ ಹಗ್ಗ ಬಿಟ್ಟ ಮಗಳು ಅಲೆಯ ಮೇಲೆ ನಿಂತು ಕೈಬೀಸಿದಾಗ ತಂದೆಗಾಗುವ ಸಂತೋಷಕ್ಕೆ ಬೆಲೆ ಕಟ್ಟಲಾಗದು. ದಡದಲ್ಲಿ ಕುಳಿತು ತನ್ನ ತೋಟದ ಅಂಚು ಕುಸಿಯುವುದನ್ನು ನೋಡುವ ಮುದುಕನ ಸಂಕಟವೂ ಅಷ್ಟೇ ನಿಜ. ಸರೋವರ ಇಬ್ಬರಿಗೂ ಸೇರಿದ್ದು.

ಮಿನೆಸೋಟಾದಲ್ಲಿ ಒಂದು ಶಾಸನವಿದೆ. ದೋಣಿಯನ್ನು ನೀರಿನಿಂದ ಮೇಲೆತ್ತಿ ರಸ್ತೆಗೆ ತರುವ ಮುನ್ನ ಅದರ ತಳದ ಬಿರಡೆಯನ್ನು ಕಿತ್ತು, ಒಳಗಿನ ನೀರನ್ನೆಲ್ಲ ಹರಿಯಬಿಟ್ಟು, ಬಿರಡೆಯಿಲ್ಲದೆಯೇ ಊರಿಗೆ ಒಯ್ಯಬೇಕು. ಸಾವಿರಾರು ಡಾಲರುಗಳ ಪರದೆಯೂ ಪಂಪುಗಳೂ ಮಾಪಕಗಳೂ ಇದ್ದರೂ, ದಿನದ ಕೊನೆಗೆ ಒಡೆಯನು ಮೊಣಕಾಲೂರಿ, ದೋಣಿಯ ಹಿಂಬದಿಗೆ ಕೈಯಿಟ್ಟು, ಹೆಬ್ಬೆರಳ ಗಾತ್ರದ ಆ ಬಿರಡೆಯನ್ನು ತಾನೇ ತಿರುಗಿಸಿ ತೆಗೆಯಬೇಕು. ಎರವಲು ತಂದ ನೀರನ್ನು ತಂದಲ್ಲಿಯೇ ಬಿಟ್ಟು ಬರುವ ಈ ಕೆಲಸ ಎರಡು ನಿಮಿಷದ್ದು. ಮುಂದಿನ ಊರಿನ ಸರೋವರ ಅದರಿಂದ ಉಳಿದುಕೊಳ್ಳುತ್ತದೆ.